ಫೋರ್‌ವೀಲ್ ಗೇರಿನ ಹಿಂದಿನ ಚರಿತ್ರೆ

1860ರಲ್ಲಿ ಮದ್ರಾಸ್ ಸರ್ಕಾರ ಖರ್ಚು ಉಳಿಸುವ ಸಲುವಾಗಿ ಅಮೃತಮಹಲ್ ದನಗಳನ್ನು ಮಾರಿಹಾಕಿತು. ಆಗ ಅಲ್ಲಿ ಗವರ್ನರ್ ಆಗಿದ್ದವರು ಸರ್ ಚಾರ್ಲ್ಸ್ ಟ್ರೆವೆಲಿಯನ್. ಲೆಕ್ಕದ ಪುಸ್ತಕ ನೋಡಿ ಕೈಗೊಂಡ ತೀರ್ಮಾನ ಅದು. ಆರೇ ವರ್ಷಕ್ಕೆ, 1866ರಲ್ಲಿ, ಹಸು ಹೋರಿಗಳನ್ನು ಮತ್ತೆ ಹುಡುಕಿ ಕೂಡಿಹಾಕಿ ಅದೇ ಇಲಾಖೆಯನ್ನು ಹೊಸದಾಗಿ ಕಟ್ಟಬೇಕಾಯಿತು. ಫಿರಂಗಿ ಎಳೆಯಲು ಅಂಥ ಎತ್ತು ಬೇರೆ ಕಡೆ ಸಿಗಲಿಲ್ಲ.

ನಮ್ಮ ಸೀಮೆಯಲ್ಲಿ ಮಿಲಿಟರಿ ವಾಹನಗಳ ಹೆಚ್ಚುವರಿ ಮಾರಾಟದ ಕಥೆಯನ್ನು ಇಲ್ಲಿಂದಲೇ ಶುರುಮಾಡಬೇಕು ಅಂತ ನನ್ನ ವಾದ. ವಾಹನ ಎಂದರೆ ಜೀಪು, ಲಾರಿ ಮಾತ್ರ ಎಂದುಕೊಂಡವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಆದರೆ ಅಮೃತಮಹಲ್ ಎತ್ತು ಸೇನೆಯ ಸಾಗಣೆಗೆಂದೇ ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ ತಳಿ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. 1781ರಲ್ಲಿ ಚಿದಂಬರದ ರಕ್ಷಣೆಗೆ ಹೈದರಾಲಿ ನೂರು ಮೈಲಿಯನ್ನು ಎರಡೂವರೆ ದಿನದಲ್ಲಿ ಕ್ರಮಿಸಿದ್ದು ಈ ಎತ್ತುಗಳ ಬಲದಿಂದ. ಸೋತಾಗಲೂ ಶತ್ರುವಿನ ಕಣ್ಣೆದುರೇ ಫಿರಂಗಿಗಳನ್ನು ಎಳೆದುಕೊಂಡು ಹೋಗುತ್ತಿದ್ದ ಎಂದು ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಬರೆಯುತ್ತಾರೆ. 1799ರ ನಂತರ ಇವು ಕಂಪನಿಯ ಪಾಲಾದವು. ಪೇಶ್ವೆಯನ್ನು ಬೆನ್ನಟ್ಟಿದ ಜನರಲ್ ಪ್ರಿಟ್ಜ್ಲರ್ 25 ದಿನಗಳಲ್ಲಿ 346 ಮೈಲಿ ನಡೆದದ್ದೂ ಇವುಗಳಿಂದಲೇ. ಮುಂದೆ ಸ್ಪೇನಿನಲ್ಲಿ ಯುದ್ಧ ಮಾಡುವಾಗ ವೆಲ್ಲಿಂಗ್ಟನ್ ಈ ಎತ್ತುಗಳು ಜೊತೆಗಿಲ್ಲವಲ್ಲ ಎಂದು ಹಲುಬಿದನಂತೆ.

ನನ್ನ ಪಿಎಚ್.ಡಿ. ವಿಷಯ ಹಳೇ ಮೈಸೂರಿನ ಸೇನಾ ಸಾಗಣೆ. 1882ರಲ್ಲಿ ದನಗಳು ಮೈಸೂರು ಸರ್ಕಾರಕ್ಕೆ ಬಂದು ಸೇರುವಲ್ಲಿಗೆ ಮುಗಿಸಬೇಕು ಎಂದುಕೊಂಡಿದ್ದೆ. ನನ್ನನ್ನು ಮುಂದಕ್ಕೆ ಎಳೆದದ್ದು ತುಮಕೂರಿನಿಂದ ಗುಬ್ಬಿಗೆ ಹೋಗುವ ಬಿ.ಎಚ್. ರಸ್ತೆಯ ಪಕ್ಕದ ಒಂದು ಹಳೇ ಗ್ಯಾರೇಜು. ಅಲ್ಲಿ ಹುಡ್ ಇಲ್ಲದ ಒಂದು ಡಿಸ್ಪೋಸಲ್ ಜೀಪು ನಿಂತಿತ್ತು. ಡ್ರೈವರ್ ಸೀಟಿನ ಪಕ್ಕ ಒಂದಲ್ಲ, ಮೂರು ಲಿವರ್.

“ನೋಡಪ್ಪಾ, ಉದ್ದನೇದು ಮಾಮೂಲಿ ಗೇರು,” ಎಂದರು ಅಲ್ಲಿನ ಯಜಮಾನರು. “ಇದು ಮುಂದಿನ ಚಕ್ರಕ್ಕೆ. ಇದು ಹೈ, ಲೋ. ಈ ಎರಡನ್ನ ಹಾಕೋದು ಗೊತ್ತಿಲ್ದೋನು ಈ ಗಾಡಿ ತಗೊಂಡೂ ಪ್ರಯೋಜನ ಇಲ್ಲ.”

ಆ ಎರಡು ಲಿವರ್‌ಗಳ ಕೆಳಗಿರುವ ಪೆಟ್ಟಿಗೆಯೇ ಟ್ರಾನ್ಸ್‌ಫರ್ ಕೇಸ್. ಜನ ಕರೆಯುವುದು ಫೋರ್‌ವೀಲ್ ಗೇರು ಎಂದು. ಮಾಮೂಲಿ ಗಾಡಿಯಲ್ಲಿ ಗೇರ್‌ಬಾಕ್ಸಿನಿಂದ ಹೊರಟ ಶಕ್ತಿ ನೇರ ಹಿಂದಿನ ಆ್ಯಕ್ಸಲಿಗೆ ಹೋಗುತ್ತದೆ. ಜೀಪಿನಲ್ಲಿ ಅದು ಮೊದಲು ಈ ಪೆಟ್ಟಿಗೆಗೆ ಬಂದು, ಬೇಕಾದಾಗ ಹಿಂದಕ್ಕೂ ಮುಂದಕ್ಕೂ ಹಂಚಿಕೆಯಾಗುತ್ತದೆ. ಇಷ್ಟೇ ಅಲ್ಲದೆ ಒಳಗೆ ಇನ್ನೊಂದು ಜೋಡಿ ಹಲ್ಲುಚಕ್ರಗಳಿವೆ. ಯುದ್ಧಕಾಲದ ವಿಲ್ಲಿಸ್ ಜೀಪಿನಲ್ಲಿ ಲೋ ಅನುಪಾತ 1.97. ಅಂದರೆ ವೇಗ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ, ಎಳೆತ ಹತ್ತಿರ ಹತ್ತಿರ ಎರಡರಷ್ಟಾಗುತ್ತದೆ. ಮುಂದಿನ ಚಕ್ರ ಸೇರಿಸದೆ ಲೋ ಹಾಕಲು ಹೋದರೆ ಲಿವರ್ ಜಗ್ಗುವುದಿಲ್ಲ, ಒಳಗೇ ಒಂದು ತಡೆ ಇಟ್ಟಿದ್ದಾರೆ. ಇಮ್ಮಡಿಯಾದ ಬಲ ಹಿಂದಿನ ಆ್ಯಕ್ಸಲೊಂದರ ಮೇಲೇ ಬಿದ್ದರೆ ಅದು ಮುರಿದೀತು. ಏರು ಬಂದಾಗ ಗಾಡಿಯವರು ಇದ್ದ ಎತ್ತುಗಳನ್ನೇ ಬಾರಿಸದೆ ಮುಂದೆ ಇನ್ನೊಂದು ಜೊತೆ ಹೂಡುತ್ತಿದ್ದರಲ್ಲ, ಲೆಕ್ಕ ಅದೇ.

ಇದೇ ಗೇರನ್ನು ಡಾಂಬರು ರಸ್ತೆಯಲ್ಲಿ ಹಾಕಿಕೊಂಡು ಓಡಿಸಿದರೆ ಮಾತ್ರ ಕೇಡು. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಉರುಳಬೇಕು. ಪೆಟ್ಟಿಗೆ ಎರಡನ್ನೂ ಒಂದೇ ವೇಗಕ್ಕೆ ಕಟ್ಟಿಹಾಕಿರುತ್ತದೆ. ಮಣ್ಣಿನಲ್ಲಾದರೆ ಚಕ್ರ ಜಾರಿ ವ್ಯತ್ಯಾಸ ಸರಿಹೋಗುತ್ತದೆ. ಗಟ್ಟಿ ರಸ್ತೆಯಲ್ಲಿ ಜಾರಲು ಆಸ್ಪದವಿಲ್ಲ. ಶಾಫ್ಟುಗಳು ತಿರುಚಿಕೊಂಡು ಬಿಗಿಯುತ್ತವೆ, ಟೈರು ಸವೆಯುತ್ತದೆ, ಲಿವರ್ ಹೊರಗೆ ಬರುವುದಿಲ್ಲ. ಬಲವಂತ ಮಾಡದೆ ಒಂದಿಷ್ಟು ರಿವರ್ಸ್ ತೆಗೆದುಕೊಂಡರೆ ಬಿಗಿ ಸಡಿಲವಾಗುತ್ತದೆ. ಗಟ್ಟಿ ರಸ್ತೆಯಲ್ಲಿ ಮುಂದಿನ ಆ್ಯಕ್ಸಲ್ ಬಿಡಿಸಬೇಕೆಂದು ಜೀಪಿನ ಡ್ಯಾಶ್‌ಬೋರ್ಡಿನ ತಗಡಿನ ಮೇಲೆ ಇಂಗ್ಲಿಷಿನಲ್ಲಿ ಕೆತ್ತಿರುತ್ತಿತ್ತು. ಗ್ಯಾರೇಜಿನ ಆ ಜೀಪಿನಲ್ಲಿ ತಗಡು ಹೋಗಿ ನಾಲ್ಕು ತೂತು ಮಾತ್ರ ಉಳಿದಿದ್ದವು.

ಎರಡನೇ ಮಹಾಯುದ್ಧದಲ್ಲಿ ವಿಲ್ಲಿಸ್ ಮತ್ತು ಫೋರ್ಡ್ ಸೇರಿ ಸುಮಾರು 6.4 ಲಕ್ಷ ಜೀಪು ಮಾಡಿದವು. ಜಿ.ಎಂ.ಸಿ.ಯ ಆರು ಚಕ್ರದ ಲಾರಿಗಳು ಐದು ಲಕ್ಷಕ್ಕೂ ಮೀರಿದ್ದವು. ಯುದ್ಧ ಮುಗಿದ ಮೇಲೆ ಇಂಡಿಯಾದಲ್ಲಿ ಉಳಿದ ಮಿಲಿಟರಿ ಸರಂಜಾಮು ವಿಲೇವಾರಿಗೆ ಸರ್ಕಾರ ಪ್ರತ್ಯೇಕ ಇಲಾಖೆಯನ್ನೇ ನಡೆಸಿತು. ‘ಡಿಸ್ಪೋಸಲ್’ ಎಂಬ ಪದ ನಮ್ಮ ಊರುಗಳ ಬಾಯಿಗೆ ಬಂದದ್ದು ಹಾಗೆ. ಲಾರಿಯ ಚಾಸಿಗೆ ಮರದ ಬಾಡಿ ಕೂರಿಸಿದರೆ ಬಸ್ಸಾಯಿತು. ಮೈಸೂರು ಸರ್ಕಾರ ತನ್ನದೇ ರಸ್ತೆ ಸಾರಿಗೆ ಇಲಾಖೆಯನ್ನು 120 ಬಸ್ಸುಗಳೊಂದಿಗೆ ಶುರುಮಾಡಿದ್ದು 1948ರ ಸೆಪ್ಟೆಂಬರ್ 12ರಂದು. ಆಮೇಲೆ ಜಬಲ್‌ಪುರದಲ್ಲಿ ತಯಾರಾದ ಶಕ್ತಿಮಾನ್ ಲಾರಿ, ಜೋಂಗಾಗಳೂ ಸೇನೆಯಿಂದ ನಿವೃತ್ತಿಯಾಗಿ ಹರಾಜಿನಲ್ಲಿ ಹೊರಬಂದವು. ಕೊಡಗು, ಮಲೆನಾಡಿನ ಕಾಫಿ ತೋಟಗಳಲ್ಲಿ ಜೋಂಗಾ ಈಗಲೂ ಕಾಣಸಿಗುತ್ತದೆ.

ಹರಾಜಿನ ಪಟ್ಟಿ ಗಾಡಿಯನ್ನು ಒಪ್ಪಿಸುತ್ತದೆ. ಅದನ್ನು ನಡೆಸುವ ಕೈಯನ್ನಲ್ಲ. ಸೈನಿಕ ಡ್ರೈವರನಿಗೆ ತರಬೇತಿ ಇತ್ತು, ಮ್ಯಾನುಯಲ್ ಇತ್ತು, ಬೈಯಲು ಮೇಲಧಿಕಾರಿ ಇದ್ದ. ಗಾಡಿ ಕೊಂಡವನಿಗೆ ಇದ್ದದ್ದು ಪಕ್ಕದ ಸೀಟಿನ ಕ್ಲೀನರ್ ಮತ್ತು ದೂರದ ಗ್ಯಾರೇಜು. ಗ್ಯಾರೇಜಿನ ಯಜಮಾನರು ಈ ಲಿವರುಗಳನ್ನು ಕಲಿತದ್ದು ಮಿಲಿಟರಿಯಿಂದ ನಿವೃತ್ತರಾಗಿ ಬಂದ ಒಬ್ಬ ಹವಾಲ್ದಾರರ ಕೈ ನೋಡಿ. ನನ್ನ ಕಣ್ಣಿಗೆ ಅದೂ ಒಂದು ದಾಖಲೆ. ಯಾವ ಕಡತದಲ್ಲೂ ಸಿಗದ್ದು.

ಗೇರು ತಾನೇ ಬದಲಾಗುವ ಆಟೋಮ್ಯಾಟಿಕ್ ಗಾಡಿ ಬಂದ ಮೇಲೆ ಈ ಗೋಳು ತಪ್ಪಿತು ಎಂದುಕೊಳ್ಳುವವರಿದ್ದಾರೆ. ತಪ್ಪಲಿಲ್ಲ. ಅಮೆರಿಕದ ಸೇನೆ 1990ರ ದಶಕದಲ್ಲಿ ತನ್ನ ಎರಡೂವರೆ ಟನ್ ಲಾರಿಯನ್ನು ನವೀಕರಿಸಿ ಎಂ35ಎ3 ಮಾಡಿ, ಅಲಿಸನ್ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೂರಿಸಿತು. ಅವೂ ಹರಾಜಿಗೆ ಬಂದು ರೈತರ, ಹವ್ಯಾಸಿಗಳ ಕೈಸೇರಿದವು. ಮಾಮೂಲಿ ಗೇರು ತಾನೇ ಬದಲಾಗುತ್ತದೆ, ಟ್ರಾನ್ಸ್‌ಫರ್ ಕೇಸಿನ ಲಿವರ್ ಮಾತ್ರ ಕೈಯಲ್ಲೇ ಉಳಿಯಿತು. ಕ್ಲಚ್ ಪೆಡಲ್ ಇಲ್ಲದ್ದರಿಂದ ಕಷ್ಟ ಒಂದು ಬಗೆಯಲ್ಲಿ ಹೆಚ್ಚಿತು. ಆಟೋಮ್ಯಾಟಿಕ್ಕಿನಲ್ಲಿ ನ್ಯೂಟ್ರಲ್‌ಗೆ ಹಾಕಿದರೂ ಒಳಗಿನ ಎಣ್ಣೆಯ ಎಳೆತಕ್ಕೆ ಶಾಫ್ಟು ಮೆಲ್ಲಗೆ ಸುತ್ತುತ್ತಿರಬಹುದು. ಆಗ ಲಿವರ್ ತಳ್ಳಿದರೆ ಹಲ್ಲಿಗೆ ಹಲ್ಲು ಕಡಿಯುತ್ತದೆ. ಗಾಡಿ ಪೂರ್ತಿ ನಿಲ್ಲಿಸಿ, ಬ್ರೇಕಿನ ಮೇಲೆ ಕಾಲಿಟ್ಟು, ಮುಖ್ಯ ಗೇರನ್ನು ನ್ಯೂಟ್ರಲ್‌ಗೆ ತಂದು, ಒಂದು ಕ್ಷಣ ತಡೆದು, ಆಮೇಲೆ ಲಿವರನ್ನು ಅಳುಕದೆ ಒಂದೇ ಸಲಕ್ಕೆ ತಳ್ಳಬೇಕು. ಹಲ್ಲಿಗೆ ಹಲ್ಲು ಎದುರಾಗಿ ನಿಂತು ಕೂರದೇ ಹೋದರೆ, ಮುಖ್ಯ ಗೇರನ್ನು ಒಂದು ಚಣ ಹಾಕಿ ತೆಗೆದು ಮತ್ತೆ ನೋಡಬೇಕು.

ಹೈ ಮತ್ತು ಲೋ ನಡುವೆ ಟ್ರಾನ್ಸ್‌ಫರ್ ಕೇಸಿಗೆ ತನ್ನದೇ ಒಂದು ನ್ಯೂಟ್ರಲ್ ಇರುತ್ತದೆ. ಲಿವರ್ ಅಲ್ಲಿ ನಿಂತರೆ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ಕಡಿದಂತೆ. ಪಾರ್ಕಿಂಗ್ ಗೇರು ಇರುವ ಆಟೋಮ್ಯಾಟಿಕ್ ಗಾಡಿಯಾದರೆ ಆ ಗೇರಿನ ಹಿಡಿತವೂ ಆಗ ಚಕ್ರಕ್ಕೆ ಮುಟ್ಟುವುದಿಲ್ಲ. ಹ್ಯಾಂಡ್‌ಬ್ರೇಕ್ ಎಳೆಯದೆ ಇಳಿಜಾರಿನಲ್ಲಿ ಇಳಿದು ಹೋದವನ ಹಿಂದೆಯೇ ಗಾಡಿಯೂ ಹೊರಡುತ್ತದೆ. ನಿಜವಾದ ಆಟೋಮ್ಯಾಟಿಕ್ ಎಂದರೆ ಎತ್ತೇ ಎಂದು ನನಗೆ ಹಲವು ಸಲ ಅನ್ನಿಸಿದೆ: ಏರಿನಲ್ಲಿ ತಾನೇ ಹೆಜ್ಜೆ ಕಿರಿದು ಮಾಡಿ ಕೊರಳು ತಗ್ಗಿಸುತ್ತದೆ. ಆದರೆ ಅದಕ್ಕೂ ಸಾಕಿದವರು, ಪಳಗಿಸಿದವರು ಬೇಕು. 1860ರಲ್ಲಿ ಮಾರಿದಾಗ ಚದುರಿದ್ದು ಬರೀ ದನ ಅಲ್ಲ, ಮಂದೆಗಳ ಮೇಲಿದ್ದ ಸೇರ್ವೆಗಾರರು, ಬೇಸಗೆ, ಮಳೆಗಾಲ, ಚಳಿಗಾಲಕ್ಕೆ ಯಾವ ಕಾವಲು ಎಂದು ಬಲ್ಲ ದನಗಾಹಿಗಳು ಕೂಡ. 1866ರ ಖರ್ಚಿನಲ್ಲಿ ಹೋರಿಯ ಬೆಲೆ ಒಂದು ಪಾಲು. ಆ ತಿಳಿವಳಿಕೆಯನ್ನು ಮತ್ತೆ ಕೂಡಿಸಿದ ಬೆಲೆ ಇನ್ನೊಂದು ಪಾಲು ಎಂದೇ ನಾನು ಓದಿಕೊಳ್ಳುತ್ತೇನೆ.

ಕುಣಿಗಲ್ಲಿನ ಕುದುರೆ ಫಾರಂ ಇದಕ್ಕೆ ಪಕ್ಕದ ಉದಾಹರಣೆ. ಟಿಪ್ಪುವಿನ ಸೇನೆಗೆ ಕುದುರೆ ಸಾಕಿದ ಜಾಗ ಎಂದು ಊರು ಅದನ್ನು ನೆನೆಯುತ್ತದೆ. ಮುಂದೆ ಅದು ರೇಸ್ ಕುದುರೆಗಳಿಗೆ ಹೆಸರಾಯಿತು. ಕೆಲಸ ಬದಲಾಯಿತು, ಲಾಯ ಮುಚ್ಚಲಿಲ್ಲ. ಸಾಕುವ ಕಸುಬಾದರೂ ಅಲ್ಲಿ ಉಳಿಯಿತು. ಕಾವಲುಗಳಿಗೆ ಆ ಅದೃಷ್ಟವಿರಲಿಲ್ಲ. ಚಳ್ಳಕೆರೆಯ ಅಮೃತಮಹಲ್ ಕಾವಲಿನಲ್ಲಿ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಸಾವಿರಾರು ಎಕರೆ ಹೋಗಿ, ಕುರಿ ದನ ಮೇಯಿಸುವವರು ಹಸಿರು ನ್ಯಾಯಮಂಡಳಿಯವರೆಗೆ ಹೋರಾಡಬೇಕಾಯಿತು.

ಗುಬ್ಬಿ ತಾಲ್ಲೂಕಿನಲ್ಲಿ ಹೆಸರಿನಲ್ಲೇ ಕಾವಲನ್ನು ಉಳಿಸಿಕೊಂಡ ಊರು ಬಿದರೆಹಳ್ಳ ಕಾವಲ್. 2023ರ ಫೆಬ್ರವರಿ 6ರಂದು ಅಲ್ಲಿ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಸೇನೆಯ ಹೊಸ ವಾಹನ ಈಗ ಅಲ್ಲಿ ತಯಾರಾಗುತ್ತದೆ. ಎಂಜಿನ್ನಿನ ವೇಗ ಇಳಿಸಿ, ಬಲವನ್ನು ಮೇಲಿನ ರೆಕ್ಕೆಗೂ ಬಾಲದ ರೆಕ್ಕೆಗೂ ಹಂಚುವ ಗೇರ್‌ಬಾಕ್ಸ್ ಅದರೊಳಗೂ ಇದೆ. ಹೈ, ಲೋ ಎಂದು ಕೈಯಿಂದ ಹಾಕುವ ಲಿವರ್ ಮಾತ್ರ ಇಲ್ಲ.