ಎರಡು ಕಿಡಿಗಳ ಪರೀಕ್ಷೆ: ಪಿಸ್ಟನ್ ಹೆಲಿಕಾಪ್ಟರಿನ ಚರಿತ್ರೆಯ ಒಂದು ಪ್ರಕರಣ

ಯಂತ್ರಗಳ ಇತಿಹಾಸವೆಂದರೆ ಅವುಗಳ ನಿರ್ಮಾಣದ ಇತಿಹಾಸವೆಂದೇ ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಬಳಕೆಗೆ ಮುನ್ನ ಅವುಗಳನ್ನು ಪರೀಕ್ಷಿಸುವ ಕ್ರಮಕ್ಕೂ ಒಂದು ಇತಿಹಾಸವುಂಟು. ಪಿಸ್ಟನ್ ಎಂಜಿನ್ನಿನ ಹೆಲಿಕಾಪ್ಟರಿನಲ್ಲಿ ಹಾರಾಟಕ್ಕೆ ಮುಂಚೆ ನಡೆಯುವ ಕಿಡಿವ್ಯವಸ್ಥೆಯ ಪರೀಕ್ಷೆ ಇದಕ್ಕೆ ಒಳ್ಳೆಯ ನಿದರ್ಶನ.

ಬಾಗಲಕೋಟೆಯ ಶಿರೂರಿನಂಥ ಊರುಗಳ ಹೊಲಗಳಲ್ಲಿ ನೀರೆತ್ತುವ ಡೀಸೆಲ್ ಯಂತ್ರಕ್ಕೆ ಕಿಡಿ ಬೇಡ. ಒತ್ತಿದ ಗಾಳಿಯ ಕಾವಿನಿಂದಲೇ ಅದರ ಇಂಧನ ಉರಿಯುತ್ತದೆ. ಪೆಟ್ರೋಲ್ ಎಂಜಿನ್ನಿಗಾದರೋ ಕಿಡಿಯೇ ಪ್ರಾಣ. ಬ್ಯಾಟರಿಯ ಹಂಗಿಲ್ಲದೆ ಅದನ್ನು ಒದಗಿಸುವ ಸಾಧನ ಮ್ಯಾಗ್ನೆಟೊ. 1902ರಲ್ಲಿ ಜರ್ಮನಿಯ ಬಾಷ್ ಸಂಸ್ಥೆಯ ಗಾಟ್ಲೋಬ್ ಹೋನೋಲ್ಡ್ ರೂಪಿಸಿದ ಅಧಿಕ ವೋಲ್ಟೇಜಿನ ಮ್ಯಾಗ್ನೆಟೊ ವಿಮಾನಗಳಿಗೂ ಒದಗಿಬಂದಿತು. ಆಕಾಶದಲ್ಲಿ ಕಿಡಿ ನಿಂತರೆ ಗತಿಯಿಲ್ಲವಾದ್ದರಿಂದ, ಎರಡು ಮ್ಯಾಗ್ನೆಟೊಗಳನ್ನೂ ಪ್ರತಿ ಸಿಲಿಂಡರಿಗೆ ಎರಡು ಸ್ಪಾರ್ಕ್ ಪ್ಲಗ್ಗುಗಳನ್ನೂ ಇಡುವ ಪದ್ಧತಿ ಬೆಳೆಯಿತು.

ಆದರೆ ಈ ಇಮ್ಮಡಿ ಏರ್ಪಾಡಿನಲ್ಲಿಯೇ ಒಂದು ತೊಡಕು ಅಡಗಿದೆ. ಒಂದು ಮ್ಯಾಗ್ನೆಟೊ ಕೆಟ್ಟರೂ ಇನ್ನೊಂದರ ಬಲದಿಂದ ಎಂಜಿನ್ನು ತಿರುಗುತ್ತಲೇ ಇರುತ್ತದೆ; ದೋಷವು ಕಣ್ಣಿಗೆ ಬೀಳುವುದಿಲ್ಲ. ಆದುದರಿಂದ ಚಾಲಕನು ನೆಲದ ಮೇಲೆಯೇ ಒಂದೊಂದನ್ನಾಗಿ ಆರಿಸಿ ನೋಡುತ್ತಾನೆ. ಒಂದೇ ಕಡೆಯಿಂದ ಹೊತ್ತಿದ ಮಿಶ್ರಣ ನಿಧಾನವಾಗಿ ಉರಿಯುವುದರಿಂದ ವೇಗ ತುಸು ಕುಗ್ಗಬೇಕು. 1975ರಲ್ಲಿ ಮೊದಲು ಹಾರಿದ ರಾಬಿನ್ಸನ್ ಆರ್-22 ಹೆಲಿಕಾಪ್ಟರಿನಲ್ಲಿ ಶೇಕಡಾ 75ರ ವೇಗದಲ್ಲಿ ಈ ಪರೀಕ್ಷೆ ನಡೆಯುತ್ತದೆ. 2 ಸೆಕೆಂಡುಗಳಲ್ಲಿ ಶೇಕಡಾ 7ಕ್ಕಿಂತ ಹೆಚ್ಚು ಇಳಿಯಬಾರದು. ವೇಗ ಸ್ವಲ್ಪವೂ ಇಳಿಯದಿದ್ದರೆ ಅದೂ ಶುಭಲಕ್ಷಣವಲ್ಲ. ಆರಿಸಿದ ಮ್ಯಾಗ್ನೆಟೊದ ನೆಲತಂತಿ ಕಡಿದಿದ್ದು ಅದು ಇನ್ನೂ ಜೀವಂತವಾಗಿರಬಹುದು. ಸ್ವಿಚ್ಚನ್ನು ನಂಬಿ ಎಂಜಿನ್ನಿಗೆ ಕೈಯಿಕ್ಕುವ ಕುಶಲಕರ್ಮಿಗೆ ಅದು ಪ್ರಾಣಾಪಾಯ. ಹಾರಾಟದಲ್ಲಿ ಎಂಜಿನ್ನು ನಿಂತರಂತೂ ಚಾಲಕನು ಕ್ಷಣಮಾತ್ರದಲ್ಲಿ ರೆಕ್ಕೆಗಳ ಕೋನವನ್ನು ತಗ್ಗಿಸಿ, ಕೆಳಗಿನಿಂದ ನುಗ್ಗುವ ಗಾಳಿಯಿಂದಲೇ ಅವು ತಿರುಗುವಂತೆ ಮಾಡಿ ಇಳಿಯಬೇಕಾಗುತ್ತದೆ.

ಕರ್ನಾಟಕದಲ್ಲಿ ಈ ವಿದ್ಯೆಯ ನೆಲೆ ಬೆಂಗಳೂರು. 1940ರಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಸಹಕಾರದಿಂದ ಅಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್ 5ರಂದು ಹಾರಿತು. ಅದರದೂ ಪಿಸ್ಟನ್ ಎಂಜಿನ್ನೇ. 1954ರಲ್ಲಿ ಭಾರತೀಯ ವಾಯುಪಡೆಗೆ ಬಂದ ಮೊದಲ ಹೆಲಿಕಾಪ್ಟರುಗಳಾದ ಸಿಕೋರ್ಸ್ಕಿ ಎಸ್-55 ಇದೇ ವರ್ಗದವು. ಆದರೆ 1965ರಲ್ಲಿ ಬೆಂಗಳೂರಿನಲ್ಲಿ ತಯಾರಾಗಿ ಹಾರಿದ ಚೇತಕ್ ಹೆಲಿಕಾಪ್ಟರಿಗೆ ಟರ್ಬೈನ್ ಎಂಜಿನ್ನು. ಅದರಲ್ಲಿ ಜ್ವಾಲೆ ಒಮ್ಮೆ ಹೊತ್ತಿದರೆ ತಾನಾಗಿಯೇ ಉಳಿಯುವುದರಿಂದ, ಬೆಂಗಳೂರು ಹೆಲಿಕಾಪ್ಟರ್ ನಿರ್ಮಾಣಕ್ಕೆ ಕೈಹಾಕುವ ಹೊತ್ತಿಗೆ ಮ್ಯಾಗ್ನೆಟೊ ಪರೀಕ್ಷೆಯ ಅಗತ್ಯವೇ ಆ ಯಂತ್ರಕ್ಕೆ ಇರಲಿಲ್ಲ.

ಈ ಪರೀಕ್ಷೆ ಇಂದು ಹೆಚ್ಚಾಗಿ ಲಘು ಪಿಸ್ಟನ್ ಯಂತ್ರಗಳಲ್ಲಿ ಉಳಿದಿದೆ. ಅದರ ಹಿಂದಿನ ತತ್ತ್ವ ಮಾತ್ರ ವ್ಯಾಪಕವಾದುದು: ಆಸರೆಗೆಂದು ಇಟ್ಟ ಎರಡನೆಯದು ಮೊದಲನೆಯದರ ದೋಷವನ್ನು ಮುಚ್ಚಿಡಬಲ್ಲದು. ಪ್ರತ್ಯೇಕವಾಗಿ ಪರೀಕ್ಷಿಸದ ಆಸರೆಯನ್ನು ಆಸರೆಯೆಂದು ಎಣಿಸಲಾಗದು.