ನೇಗಿಲ ಹಿಂದೆ ಬಂದ ದೂಳು

1935ರ ಏಪ್ರಿಲ್ 14, ಭಾನುವಾರ. ಅಮೆರಿಕದ ಕಾನ್ಸಸ್, ಒಕ್ಲಹೋಮ, ಟೆಕ್ಸಾಸ್ ಸೀಮೆಯಲ್ಲಿ ಉತ್ತರ ದಿಕ್ಕಿನಿಂದ ಕಪ್ಪು ಗೋಡೆಯೊಂದು ಉರುಳಿ ಬಂತು. ಅದು ಮಳೆಮೋಡವಲ್ಲ, ಹೊಲಗಳ ಮಣ್ಣು. ಹಗಲೇ ಕತ್ತಲಾಯಿತು. ಚರಿತ್ರೆಯಲ್ಲಿ ಆ ದಿನಕ್ಕೆ ‘ಕಪ್ಪು ಭಾನುವಾರ’ ಎಂದೇ ಹೆಸರು.

ಆ ಬಯಲಿಗೆ ಬರಗಾಲ ಹೊಸದಲ್ಲ. 1890ರ ದಶಕದಲ್ಲೂ ಮಳೆ ಕೈಕೊಟ್ಟಿತ್ತು. ಆದರೆ ಆಗ ಬಹುಪಾಲು ನೆಲಕ್ಕೆ ಹುಲ್ಲಿನ ಹೊದಿಕೆ ಇತ್ತು; ಅದರ ಬೇರು ಮಣ್ಣನ್ನು ಹಿಡಿದಿಟ್ಟಿತ್ತು. ನೇಗಿಲು ಹೋದಲ್ಲಿಗೆ ಮಳೆಯೂ ಬರುತ್ತದೆಂಬ ನಂಬಿಕೆ 19ನೇ ಶತಮಾನದಲ್ಲಿ ಅಲ್ಲಿಗೆ ವಲಸೆ ಬಂದವರಲ್ಲಿ ಹಬ್ಬಿತ್ತು. ಮೊದಲ ಮಹಾಯುದ್ಧದಲ್ಲಿ ಗೋಧಿಯ ಬೆಲೆ ಏರಿತು, ಬಳಿಕ ಟ್ರಾಕ್ಟರುಗಳು ಬಂದವು. ಲಕ್ಷಾಂತರ ಎಕರೆ ಹುಲ್ಲುಗಾವಲು ಹೊಲವಾಯಿತು. ಬೆಲೆ ಕುಸಿದಾಗ ನಷ್ಟ ತುಂಬಿಕೊಳ್ಳಲು ರೈತರು ಇನ್ನಷ್ಟು ನೆಲ ಉತ್ತರು. 1931ರಲ್ಲಿ ಬರ ಆರಂಭವಾದಾಗ ಬೆಳೆ ಏಳಲಿಲ್ಲ, ಮಣ್ಣು ಬತ್ತಲಾಯಿತು.

ಒಣಗಿದ ಬರಿ ನೆಲದ ಮೇಲೆ ಗಾಳಿ ಬೀಸಿದಾಗ ದಪ್ಪ ಮರಳಿನ ಕಣಗಳು ಕುಪ್ಪಳಿಸುತ್ತ ಸಾಗುತ್ತವೆ. ಅವು ಬಡಿದ ಕಡೆಯೆಲ್ಲ ನಯವಾದ ಮಣ್ಣು ಮೇಲೇಳುತ್ತದೆ. ಈ ನಯವಾದ ಮಣ್ಣೇ ಬಹುದೂರ ಹಾರುವುದು. 1934ರ ಮೇ ತಿಂಗಳ ಬಿರುಗಾಳಿಯಲ್ಲಿ ಅದು ನ್ಯೂಯಾರ್ಕ್ ದಾಟಿ ಅಟ್ಲಾಂಟಿಕ್ ಸಾಗರದ ಹಡಗುಗಳ ಮೇಲೂ ಬಿತ್ತು. ಊರುಗಳಲ್ಲಿ ‘ದೂಳಿನ ನ್ಯುಮೋನಿಯ’ ಜೀವ ತೆಗೆಯಿತು. ಸಾವಿರಾರು ಕುಟುಂಬಗಳು ಗಂಟುಮೂಟೆ ಕಟ್ಟಿ ಕ್ಯಾಲಿಫೋರ್ನಿಯದ ದಾರಿ ಹಿಡಿದವು.

ಮಣ್ಣಿನ ರಕ್ಷಣೆಗಾಗಿ ವರ್ಷಗಳಿಂದ ವಾದಿಸುತ್ತಿದ್ದ ವಿಜ್ಞಾನಿ ಹ್ಯೂ ಬೆನೆಟ್ ಅವರ ಮಾತಿಗೆ ಆಗ ಬೆಲೆ ಬಂತು. 1935ರ ಏಪ್ರಿಲ್ 27ರಂದು ಮಣ್ಣು ಸಂರಕ್ಷಣಾ ಕಾಯ್ದೆ ಜಾರಿಯಾಯಿತು. ಇಳಿಜಾರಿಗೆ ಅಡ್ಡಲಾಗಿ ಉಳುವುದು, ಕೊಯ್ಲಿನ ಕೂಳೆಯನ್ನು ಹೊಲದಲ್ಲೇ ಬಿಡುವುದು ರೂಢಿಗೆ ಬಂದವು. ಗಾಳಿ ತಡೆಯಲು 1942ರ ವೇಳೆಗೆ 20 ಕೋಟಿಗೂ ಹೆಚ್ಚು ಗಿಡ ನೆಡಲಾಯಿತು. 1950ರ ದಶಕದಲ್ಲಿ ಮತ್ತೆ ಭೀಕರ ಬರ ಬಂತು. ದೂಳೂ ಎದ್ದಿತು, ಆದರೆ ಹಿಂದಿನ ವಿನಾಶ ಮರುಕಳಿಸಲಿಲ್ಲ. ಅಂತರ್ಜಲದ ನೀರಾವರಿಯೂ ಇದಕ್ಕೆ ನೆರವಾಯಿತು.

ಪೆಸಿಫಿಕ್ ಸಾಗರದ ಮೇಲ್ಮೈ ತಣ್ಣಗಾದಾಗ ಈ ಬಯಲಿನಲ್ಲಿ ಮಳೆ ತಗ್ಗುತ್ತದೆ. ಅದು ಮನುಷ್ಯನ ಕೈಯಲ್ಲಿಲ್ಲ. ಆದರೆ 2009ರಲ್ಲಿ ಅಮೆರಿಕದ ವಿಜ್ಞಾನಿಗಳು ಕಂಪ್ಯೂಟರ್ ಲೆಕ್ಕಾಚಾರದಿಂದ ಇನ್ನೊಂದು ಸಂಗತಿ ತೋರಿಸಿದರು. ಹೊಲಗಳಿಂದ ಎದ್ದ ದೂಳು ಬಿಸಿಲನ್ನು ತಡೆದು, ನೀರು ಆವಿಯಾಗುವುದನ್ನು ತಗ್ಗಿಸಿ, ಆ ಬರವನ್ನೇ ಇನ್ನಷ್ಟು ಬಿಗಿಗೊಳಿಸಿತ್ತು. ನೇಗಿಲು ಮಳೆ ತರುತ್ತದೆಂದು ನಂಬಿದ ನಾಡಿನಲ್ಲಿ, ನೇಗಿಲು ಎಬ್ಬಿಸಿದ ಮಣ್ಣೇ ಮಳೆಯನ್ನು ದೂರವಿಟ್ಟಿತ್ತು.