ಲಡಾಖಿನ ಚಳಿಯಲ್ಲಿ ಡೀಸೆಲ್ ಲಾರಿ

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಸಿಲಿಂಡರಿನಲ್ಲಿ ಒತ್ತಡಕ್ಕೆ ಸಿಕ್ಕಿ ಕಾದ ಗಾಳಿಯೇ ಇಂಧನವನ್ನು ಹೊತ್ತಿಸಬೇಕು. ರುಡಾಲ್ಫ್ ಡೀಸೆಲ್ 1897ರಲ್ಲಿ ಸಾಧಿಸಿ ತೋರಿಸಿದ ಈ ಉಪಾಯಕ್ಕೆ ಚಳಿಯೇ ಹುಟ್ಟುವೈರಿ. ಆಮೇಲೆ ಬಂದ ಗ್ಲೋ ಪ್ಲಗ್ ಸಿಲಿಂಡರನ್ನು ಬಿಸಿಮಾಡಿತೇ ಹೊರತು ಟ್ಯಾಂಕನ್ನಲ್ಲ.

ಲಡಾಖಿನ ಲಾರಿಗಳ ಕಷ್ಟವಿದ್ದದ್ದು ಅಲ್ಲೇ. ರಾತ್ರಿ ಕಳೆಯುವಷ್ಟರಲ್ಲಿ ಡೀಸೆಲಿನೊಳಗಿನ ಮೇಣ ಹರಳುಗಟ್ಟಿ ಫಿಲ್ಟರನ್ನು ಮುಚ್ಚುತ್ತಿತ್ತು. ಎಂಜಿನ್ ಆಯಿಲ್ ಕಾಕಂಬಿಯಂತೆ ಮಂದವಾಗಿ, ಸೊರಗಿದ ಬ್ಯಾಟರಿಗೆ ಎಂಜಿನ್ನನ್ನು ತಿರುಗಿಸುವ ಕಸುವಿರುತ್ತಿರಲಿಲ್ಲ. ಚಾಲಕರು ನಸುಕಿನಲ್ಲೇ ಎದ್ದು ಲಾರಿಯಡಿ ಬೆಂಕಿ ಹಾಕುತ್ತಿದ್ದರು, ಡೀಸೆಲಿಗೆ ಸೀಮೆಎಣ್ಣೆ ಬೆರೆಸುತ್ತಿದ್ದರು. ಜೀವಕ್ಕೆ ಕುತ್ತಾಗಬಲ್ಲ ಕೆಲಸ. ಆದರೂ ಬೇರೆ ದಾರಿಯಿರಲಿಲ್ಲ. 2019ರ ನವೆಂಬರಿನಲ್ಲಿ ಇಂಡಿಯನ್ ಆಯಿಲ್ ಮೈನಸ್ 33 ಡಿಗ್ರಿಯವರೆಗೂ ಹರಿಯಬಲ್ಲ ಚಳಿಗಾಲದ ಡೀಸೆಲನ್ನು ಅಲ್ಲಿಗೆ ತಂದಿತು.